ಆರ್ಕ್ನಿಯೋ, ಶೆಟ್ಲೆಂಡೋ? ಸ್ಕಾಟ್ಲೆಂಡಿನ ಉತ್ತರ ದ್ವೀಪಗಳಿಗೆ ಹೊರಡುವ ಮುನ್ನ

ಸ್ಕಾಟ್ಲೆಂಡಿನ ಉತ್ತರ ತುದಿಯಿಂದಾಚೆ, ಅಟ್ಲಾಂಟಿಕ್ ಮಹಾಸಾಗರವೂ ಉತ್ತರ ಸಮುದ್ರವೂ ಸಂಧಿಸುವ ಕಡೆ ಎರಡು ದ್ವೀಪಸಮೂಹಗಳಿವೆ. ಮೊದಲು ಸಿಗುವುದು ಆರ್ಕ್ನಿ. ಪೆಂಟ್‌ಲೆಂಡ್ ಜಲಸಂಧಿ ದಾಟಿದರೆ ಅದರ ನೆಲ. ಶೆಟ್ಲೆಂಡ್ ಇನ್ನೂ ಉತ್ತರಕ್ಕೆ, ಸ್ಕಾಟ್ಲೆಂಡಿನ ದಂಡೆಯಿಂದ ಸುಮಾರು 170 ಕಿ.ಮೀ. ದೂರದಲ್ಲಿದೆ. ಅದರ ಮುಖ್ಯ ಪಟ್ಟಣ ಲರ್ವಿಕ್‌ಗೆ ಸ್ಕಾಟ್ಲೆಂಡಿನ ಆಬರ್ಡೀನ್ ಎಷ್ಟು ದೂರವೋ ನಾರ್ವೆಯ ಬರ್ಗೆನ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಎರಡೂ ಕಡೆ ಜನಸಂಖ್ಯೆ ಇಪ್ಪತ್ತೆರಡು–ಇಪ್ಪತ್ತಮೂರು ಸಾವಿರದ ಆಸುಪಾಸು. ಎರಡೂ ಕಡೆ ಮರಗಳು ಅಪರೂಪ, ಗಾಳಿ ನಿರಂತರ. ಪ್ರವಾಸ ಪುಸ್ತಕಗಳು ಇವೆರಡನ್ನೂ ಒಂದೇ ಅಧ್ಯಾಯದಲ್ಲಿ ಸೇರಿಸುವುದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ನಡೆಯುತ್ತದೆ ಎಂಬ ಭಾವನೆ ಹುಟ್ಟುತ್ತದೆ. ಅದು ಸರಿಯಲ್ಲ. ಆರ್ಕ್ನಿಯಲ್ಲಿ ನೋಡಬೇಕಾದ್ದು ಮನುಷ್ಯ ಕಟ್ಟಿದ್ದು. ಶೆಟ್ಲೆಂಡಿನಲ್ಲಿ ನೋಡಬೇಕಾದ್ದು ಸಮುದ್ರ ಕಡೆದದ್ದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಲೆಕ್ಕಾಚಾರವೆಲ್ಲ ಸುಲಭ.

ಎರಡೂ ದ್ವೀಪಸಮೂಹಗಳು ಮಧ್ಯಯುಗದಲ್ಲಿ ನಾರ್ವೆಯ ಆಳ್ವಿಕೆಯಲ್ಲಿದ್ದವು. ಡೆನ್ಮಾರ್ಕ್–ನಾರ್ವೆಯ ದೊರೆ ಒಂದನೇ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಡುವಾಗ ವರದಕ್ಷಿಣೆಯ ಹಣ ಹೊಂದಿಸಲಾಗದೆ 1468ರಲ್ಲಿ ಆರ್ಕ್ನಿಯನ್ನೂ ಮರುವರ್ಷ ಶೆಟ್ಲೆಂಡನ್ನೂ ಅಡವಿಟ್ಟ. ಅಡವು ಬಿಡಿಸಿಕೊಳ್ಳಲು ಆಗಲೇ ಇಲ್ಲ. 1472ರಲ್ಲಿ ಎರಡೂ ಸ್ಕಾಟ್ಲೆಂಡಿಗೆ ಸೇರಿದವು. ಊರ ಹೆಸರುಗಳು, ಆಡುಮಾತು, ಹಬ್ಬಗಳಲ್ಲಿ ಆ ನಂಟು ಈಗಲೂ ಉಳಿದಿದೆ. ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿ: ಎರಡೂ ಸಮೂಹಗಳ ದೊಡ್ಡ ದ್ವೀಪಕ್ಕೆ 'ಮೇನ್‌ಲೆಂಡ್' ಎಂದೇ ಹೆಸರು. ವಸತಿ ಕಾಯ್ದಿರಿಸುವಾಗ ಈ ಹೆಸರನ್ನು ಸ್ಕಾಟ್ಲೆಂಡಿನ ಮುಖ್ಯ ಭೂಭಾಗವೆಂದು ತಿಳಿದು ಗೊಂದಲಕ್ಕೆ ಬೀಳುವವರಿದ್ದಾರೆ.

ನೆಲದ ಗುಣದಲ್ಲೇ ಎರಡರ ದಾರಿ ಬೇರೆಯಾಗುತ್ತದೆ. ಆರ್ಕ್ನಿಯ ಬಹುಭಾಗ ಕೆಂಪು ಮರಳುಗಲ್ಲಿನ ಮೇಲೆ ಹರಡಿದ ತಗ್ಗು ಬಯಲು. ಫಲವತ್ತಾದ ಹಸಿರು ಹುಲ್ಲುಗಾವಲು, ಅದರ ತುಂಬ ದನಗಳು. ಇಲ್ಲಿನ ಗೋಮಾಂಸಕ್ಕೂ ಚೀಸಿಗೂ ಬ್ರಿಟನ್ನಿನಲ್ಲಿ ಹೆಸರಿದೆ. ಶೆಟ್ಲೆಂಡಿನದು ಹಳೆಯ, ಗಡುಸಾದ ಕಲ್ಲು. ಗುಡ್ಡಗಳ ಮೇಲೆಲ್ಲ ಪೀಟ್ ಎಂಬ ಕಪ್ಪು ಜೌಗು ಮಣ್ಣು ಹಾಸಿಕೊಂಡಿರುವುದರಿಂದ ಬೇಸಾಯಕ್ಕೆ ಒದಗುವ ನೆಲ ಕಡಿಮೆ. ಕುರಿ ಮೇಯಿಸಬಹುದು, ಉಳಿದಂತೆ ಕಡಲೇ ಗತಿ. ಕಡಲು ಉದ್ದುದ್ದ ಕವಲುಗಳಾಗಿ ನೆಲದೊಳಕ್ಕೆ ನುಗ್ಗಿದೆ. ಎಲ್ಲೇ ನಿಂತರೂ ನೀರು ಐದು ಕಿಲೋಮೀಟರಿಗಿಂತ ದೂರವಿರುವುದಿಲ್ಲ. ಆರ್ಕ್ನಿಯವನು ದೋಣಿ ಇಟ್ಟುಕೊಂಡ ರೈತ, ಶೆಟ್ಲೆಂಡಿನವನು ತುಂಡು ಜಮೀನು ಇಟ್ಟುಕೊಂಡ ಬೆಸ್ತ ಎಂಬ ಮಾತು ಆ ದ್ವೀಪಗಳಲ್ಲಿ ಹಿಂದಿನಿಂದ ಬಂದದ್ದು. ಇಂದು ಶೆಟ್ಲೆಂಡಿನಲ್ಲಿ ಮೀನುಗಾರಿಕೆ, ಸಾಲ್ಮನ್ ಸಾಕಣೆಯ ಜೊತೆಗೆ ಸಲ್ಲಮ್ ವೋ ತೈಲ ಕೇಂದ್ರವೂ ಇದೆ. 2024ರಿಂದ ಮೇನ್‌ಲೆಂಡಿನ ನಡುಭಾಗದ ಗುಡ್ಡಗಳ ಮೇಲೆ 103 ಗಾಳಿಯಂತ್ರಗಳು ಕೆಲಸ ಮಾಡುತ್ತಿವೆ. ಹಳೆಯ ಚಿತ್ರಪುಸ್ತಕಗಳಲ್ಲಿ ಕಾಣುವ ಖಾಲಿ ಗುಡ್ಡಸಾಲನ್ನೇ ನಿರೀಕ್ಷಿಸಿ ಹೋಗುವವರಿಗೆ ಇದು ತಿಳಿದಿರಬೇಕು.

ಆರ್ಕ್ನಿಯ ದೊಡ್ಡ ಸೆಳೆತ ಅದರ ಐದು ಸಾವಿರ ವರ್ಷಗಳ ಹಿಂದಿನ ಲೋಕ. ಮೇನ್‌ಲೆಂಡಿನ ಪಶ್ಚಿಮದಲ್ಲಿ ಅರ್ಧ ಗಂಟೆಯ ಕಾರು ಪಯಣದೊಳಗೆ ನಾಲ್ಕು ನವಶಿಲಾಯುಗದ ನೆಲೆಗಳಿವೆ. ನಾಲ್ಕನ್ನೂ ಒಟ್ಟಾಗಿ 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇವುಗಳಲ್ಲಿ ಸ್ಕಾರಾ ಬ್ರೇ ಒಂದು ಇಡೀ ಹಳ್ಳಿ. ಕ್ರಿ.ಪೂ. 3180ರ ಸುಮಾರಿಗೆ ಜನ ಇಲ್ಲಿ ನೆಲೆಸಿದರು, ಕ್ರಿ.ಪೂ. 2500ರ ಹೊತ್ತಿಗೆ ಬಿಟ್ಟು ಹೋದರು. ಮರಳಿನಡಿ ಹುದುಗಿದ್ದ ಹಳ್ಳಿಯನ್ನು 1850ರ ಒಂದು ಬಿರುಗಾಳಿ ಬಯಲಿಗೆ ತಂದಿತು. ಗೋಡೆ ಮಾತ್ರವಲ್ಲ, ಮಂಚ, ಒಲೆ, ಗೂಡು, ಪಾತ್ರೆಪಡಗ ಜೋಡಿಸುವ ಹಲಗೆಗಳ ಸಾಲು ಎಲ್ಲವೂ ಕಲ್ಲಿನವು, ಉಳಿದುಬಂದದ್ದೂ ಅದಕ್ಕೇ. ಮರವಿಲ್ಲದ ಊರಿನಲ್ಲಿ ಮನೆಯ ಸಾಮಾನನ್ನೂ ಕಲ್ಲಿನಲ್ಲೇ ಮಾಡಬೇಕಿತ್ತು. ಹಲಗೆ ಹಲಗೆಯಾಗಿ ಸೀಳುವ ಆರ್ಕ್ನಿಯ ಕಲ್ಲು ಅದಕ್ಕೆ ಒದಗಿಬಂತು. ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗಿಂತ ಹಳೆಯದಾದ ಈ ಮನೆಗಳಲ್ಲಿ ಒಂದು ಸಂಸಾರ ಎಲ್ಲಿ ಮಲಗುತ್ತಿತ್ತು, ಎಲ್ಲಿ ಬೆಂಕಿ ಹಾಕುತ್ತಿತ್ತು ಎಂಬುದು ಮೇಲಿನಿಂದ ಬಗ್ಗಿ ನೋಡಿದವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಬ್ರಾಡ್ಗರ್ ಶಿಲಾವೃತ್ತ ಎರಡು ಕೆರೆಗಳ ನಡುವಿನ ಕಿರಿದಾದ ನೆಲದ ಮೇಲಿದೆ. ಅದರ ವ್ಯಾಸ 104 ಮೀಟರ್. ಮೊದಲು 60 ಕಲ್ಲುಗಳು ಇದ್ದಿರಬಹುದು, ಈಗ ಉಳಿದಿರುವುದು 36. ಸಮೀಪದ ಸ್ಟೆನ್ನೆಸ್ ಕಲ್ಲುಗಳು ಇದಕ್ಕಿಂತ ಹಳೆಯವು. ಎರಡೂ ಕಡೆ ಟಿಕೆಟ್ ಇಲ್ಲ, ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಪ್ರವಾಸಿಗರ ಬಸ್ಸುಗಳು ಹೊರಟುಹೋದ ಆ ಹೊತ್ತೇ ಇವನ್ನು ನೋಡಲು ಸರಿಯಾದ ಸಮಯ. ಮೇಸ್‌ಹೌ ಎಂಬ ಸಮಾಧಿ ಗುಡ್ಡೆಯೊಳಕ್ಕೆ ಮಾತ್ರ ಮಾರ್ಗದರ್ಶಕರ ಜೊತೆಯಲ್ಲೇ, ಮೊದಲೇ ಕಾಯ್ದಿರಿಸಿದ ಸಮಯಕ್ಕೆ ಹೋಗಬೇಕು. ತಗ್ಗಾದ ಓಣಿಯಲ್ಲಿ ಬಾಗಿ ನಡೆದು ಒಳಗೆ ತಲುಪಬೇಕಾದ್ದರಿಂದ ಮಂಡಿ, ಸೊಂಟದ ನೋವಿರುವವರು ಯೋಚಿಸಿ ಹೊರಡುವುದು ಒಳ್ಳೆಯದು. ಒಳಗೋಡೆಗಳ ಮೇಲೆ 12ನೇ ಶತಮಾನದ ನಾರ್ಸ್ ಯಾತ್ರಿಕರು ರೂನ್ ಲಿಪಿಯಲ್ಲಿ ಕೊರೆದ ಸುಮಾರು 30 ಬರಹಗಳಿವೆ. ಡಿಸೆಂಬರಿನ ಅಯನ ಸಂಕ್ರಾಂತಿಯ ಮುಂಚಿನ ಮತ್ತು ಅನಂತರದ ಕೆಲವು ವಾರ, ಮುಳುಗುವ ಸೂರ್ಯನ ಕಿರಣ ಇದೇ ಓಣಿಯಲ್ಲಿ ಹಾಯ್ದು ಹಿಂಗೋಡೆಯನ್ನು ಬೆಳಗುತ್ತದೆ. ಹತ್ತಿರದ ನೆಸ್ ಆಫ್ ಬ್ರಾಡ್ಗರ್‌ನಲ್ಲಿ ಎರಡು ದಶಕ ನಡೆದ ಉತ್ಖನನ 2024ರಲ್ಲಿ ಮುಗಿದು ನೆಲವನ್ನು ಮತ್ತೆ ಮುಚ್ಚಲಾಗಿದೆ. ಹಳೆಯ ಮಾರ್ಗದರ್ಶಿ ಪುಸ್ತಕ ನಂಬಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಕಿರ್ಕ್‌ವಾಲ್ ಪಟ್ಟಣದ ನಡುವೆ ಕೆಂಪು–ಹಳದಿ ಮರಳುಗಲ್ಲಿನ ಸೇಂಟ್ ಮ್ಯಾಗ್ನಸ್ ಕ್ಯಾಥೆಡ್ರಲ್ ಇದೆ. ಕಟ್ಟಲು ಶುರುವಾದದ್ದು 1137ರಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಇಪ್ಪತ್ತನೇ ಶತಮಾನದ ಕಥೆ ಎದುರಾಗುತ್ತದೆ. ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ವಿಶಾಲ ಕೊಲ್ಲಿ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ನೆಲೆಯಾಗಿತ್ತು. 1919ರ ಜೂನ್ 21ರಂದು, ಸೆರೆಯಲ್ಲಿದ್ದ 74 ಜರ್ಮನ್ ಯುದ್ಧನೌಕೆಗಳನ್ನು ಅವುಗಳ ಸಿಬ್ಬಂದಿಯೇ ಮುಳುಗಿಸಲು ಮುಂದಾದರು, 52 ಮುಳುಗಿದವು. 1939ರ ಅಕ್ಟೋಬರ್ 14ರಂದು ಜರ್ಮನ್ ಜಲಾಂತರ್ಗಾಮಿಯೊಂದು ಒಳನುಗ್ಗಿ 'ರಾಯಲ್ ಓಕ್' ನೌಕೆಯನ್ನು ಹೊಡೆದಾಗ 800ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪೂರ್ವದ ಕಿಂಡಿಗಳಿಗೆ ಅಡ್ಡಲಾಗಿ ಕಟ್ಟಿದ ಚರ್ಚಿಲ್ ಒಡ್ಡುಗಳ ಮೇಲೆಯೇ ಇಂದಿನ ರಸ್ತೆ ಸಾಗುತ್ತದೆ. ಆ ಕೆಲಸಕ್ಕೆ ಬಂದ ಇಟಲಿಯ ಯುದ್ಧಕೈದಿಗಳು ಎರಡು ತಗಡಿನ ಗುಡಿಸಲುಗಳನ್ನು ಜೋಡಿಸಿ ಚಿಕ್ಕದೊಂದು ಪ್ರಾರ್ಥನಾ ಮಂದಿರ ಮಾಡಿದರು. ಡೊಮೆನಿಕೊ ಕಿಯೊಕೆಟ್ಟಿ ಅದರ ಒಳಗೋಡೆಗಳ ಮೇಲೆ ಇಟ್ಟಿಗೆ, ಅಮೃತಶಿಲೆ ಎಂದೇ ಭ್ರಮೆಯಾಗುವಂತೆ ಚಿತ್ರ ಬರೆದ. ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದಾದಷ್ಟು ಸಣ್ಣ ಜಾಗ ಅದು. ಆದರೂ ಯಾವ ಕಾರಣಕ್ಕೂ ಬಿಡಬಾರದು.

ಆರ್ಕ್ನಿಯ ಹೊರ ದ್ವೀಪಗಳಿಗೆ ಸಮಯ ಉಳಿದರೆ ಮೊದಲ ಆದ್ಯತೆ ಹೋಯ್‌ಗೆ ಸಲ್ಲಬೇಕು. ಅಲ್ಲಿನ ಕಡಲಂಚಿನಲ್ಲಿ 137 ಮೀಟರ್ ಎತ್ತರದ ಒಂಟಿ ಕಲ್ಲುಕಂಬ 'ಓಲ್ಡ್ ಮ್ಯಾನ್ ಆಫ್ ಹೋಯ್' ನಿಂತಿದೆ. ರ‍್ಯಾಕ್‌ವಿಕ್ ಹಳ್ಳಿಯಿಂದ ಅದನ್ನು ನೋಡಿ ಬರಲು ಸುಮಾರು ಮೂರು ಗಂಟೆಯ ನಡಿಗೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವಿನ ವಿಮಾನಯಾನ ಜಗತ್ತಿನಲ್ಲೇ ಅತಿ ಚಿಕ್ಕದು. ಎರಡು ನಿಮಿಷದೊಳಗೆ ಇಳಿದಿರುತ್ತದೆ.

ಶೆಟ್ಲೆಂಡಿನ ವಿಚಾರವೇ ಬೇರೆ. ಅಲ್ಲಿ 'ನೋಡಬೇಕಾದ ಹತ್ತು ಸ್ಥಳ' ಎಂಬ ಪಟ್ಟಿ ಹಿಡಿದು ಹೊರಟರೆ ನಿರಾಸೆಯಾಗುತ್ತದೆ, ಏಕೆಂದರೆ ದಿನದ ಹೆಚ್ಚಿನ ಭಾಗ ಹೋಗುವುದು ಕಡಲಂಚಿನಲ್ಲಿ ನಡೆಯುವುದರಲ್ಲಿ, ಕಾಯುವುದರಲ್ಲಿ. ಕಾದವರಿಗೆ ಸಿಗುವುದು ದೊಡ್ಡದು. ದಕ್ಷಿಣ ತುದಿಯ ಸಂಬರಾ ಹೆಡ್‌ನಲ್ಲಿ, ರಾಬರ್ಟ್ ಸ್ಟೀವನ್‌ಸನ್ 1821ರಲ್ಲಿ ಕಟ್ಟಿದ ದೀಪಸ್ತಂಭದ ಕೆಳಗೆ, ಪಫಿನ್ ಹಕ್ಕಿಗಳು ಬಿಲ ತೋಡಿ ಮರಿ ಮಾಡುತ್ತವೆ. ಗೋಡೆಯಾಚೆ ಕೆಲವೇ ಅಡಿ ದೂರದಲ್ಲಿ ಅವು ಕೂತಿರುತ್ತವೆ. ಅವು ನೆಲಕ್ಕೆ ಬರುವುದು ಏಪ್ರಿಲ್ ಮಧ್ಯದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ. ಲರ್ವಿಕ್‌ನಿಂದ ದೋಣಿಯಲ್ಲಿ ನಾಸ್ ದ್ವೀಪದ 180 ಮೀಟರ್ ಎತ್ತರದ ಬಂಡೆಗೋಡೆಯ ಬುಡಕ್ಕೆ ಹೋದರೆ ಸಾವಿರಾರು ಗ್ಯಾನೆಟ್ ಹಕ್ಕಿಗಳು ತಲೆಯ ಮೇಲೆ ಸುತ್ತುತ್ತವೆ. ಉತ್ತರ ತುದಿಯ ಅನ್ಸ್ಟ್ ದ್ವೀಪದ ಹರ್ಮನೆಸ್ ಅಭಯಾರಣ್ಯದಲ್ಲಿ ಹಲಗೆ ಹಾಸಿದ ದಾರಿ ಜೌಗು ದಾಟಿಸಿ ಬಂಡೆಯಂಚಿಗೆ ಒಯ್ಯುತ್ತದೆ. ಎದುರಿಗೆ ಮಕಲ್ ಫ್ಲಗ್ಗಾ ದೀಪಸ್ತಂಭ, ಅದರಾಚೆ ತೆರೆದ ಸಾಗರ. ಇತ್ತೀಚಿನ ವರ್ಷಗಳ ಹಕ್ಕಿಜ್ವರದಿಂದ ಇಲ್ಲಿನ ಸ್ಕೂವಾ ಮತ್ತು ಗ್ಯಾನೆಟ್‌ಗಳು ಅಪಾರ ಸಂಖ್ಯೆಯಲ್ಲಿ ಸತ್ತಿವೆ. ಗುರುತಿನ ದಾರಿ ಬಿಟ್ಟು ಇಳಿಯಬಾರದು, ಸತ್ತ ಹಕ್ಕಿಯನ್ನು ಮುಟ್ಟಬಾರದು. ನೀರುನಾಯಿ ನೋಡಲು ಯೆಲ್ ದ್ವೀಪದ ದಂಡೆಗಳು ಪ್ರಸಿದ್ಧ. ಓರ್ಕಾ ತಿಮಿಂಗಿಲಗಳು ಸೀಲ್ ಬೇಟೆಗೆ ದಡದ ಹತ್ತಿರಕ್ಕೇ ಬರುವುದುಂಟು, ಆದರೆ ಯಾವಾಗ, ಎಲ್ಲಿ ಎಂದು ಯಾರೂ ಮಾತು ಕೊಡಲಾರರು.

ಶೆಟ್ಲೆಂಡಿನಲ್ಲಿ ಪುರಾತನ ನೆಲೆಗಳಿಲ್ಲವೆಂದಲ್ಲ. ಮೌಸಾ ದ್ವೀಪದ ಬ್ರಾಕ್, ಅಂದರೆ ಗಾರೆಯಿಲ್ಲದೆ ಕಟ್ಟಿದ ಕಬ್ಬಿಣಯುಗದ ದುಂಡು ಗೋಪುರ, ಎರಡು ಸಾವಿರ ವರ್ಷ ದಾಟಿಯೂ 13 ಮೀಟರ್ ಎತ್ತರಕ್ಕೆ ನಿಂತಿದೆ. ಆ ಬಗೆಯ ಗೋಪುರಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದಿಲ್ಲ. ಅದರ ಗೋಡೆಯ ಸಂದುಗಳಲ್ಲಿ ಗುಬ್ಬಿಗಿಂತ ತುಸು ದೊಡ್ಡದಾದ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ಗೂಡುಕಟ್ಟುತ್ತದೆ. ಹಗಲೆಲ್ಲ ಸಮುದ್ರದಲ್ಲಿದ್ದು ರಾತ್ರಿ ಮಾತ್ರ ಮರಳುತ್ತದೆ. ಬೇಸಿಗೆಯ ನಡುರಾತ್ರಿ ಸ್ಯಾಂಡ್‌ವಿಕ್‌ನಿಂದ ಹೊರಡುವ ದೋಣಿಯಲ್ಲಿ ಹೋಗಿ ಇದನ್ನು ನೋಡುವುದು ಎರಡೂ ದ್ವೀಪಸಮೂಹಗಳಲ್ಲಿ ಸಿಗುವ ಅನುಭವಗಳಲ್ಲೇ ಮೊದಲ ಸಾಲಿನದು. ಆಸನಗಳು ಬೇಗ ತುಂಬುತ್ತವೆ. ಸಂಬರಾ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಯಾರ್ಲ್ಸ್‌ಹಾಫ್‌ನಲ್ಲಿ ನಾಲ್ಕು ಸಾವಿರ ವರ್ಷಗಳ ಮನೆಗಳು ಒಂದರ ಮೇಲೊಂದು ಬಂದಿವೆ. ಸೇಂಟ್ ನಿನಿಯನ್ ದ್ವೀಪಕ್ಕೆ ಎರಡೂ ಬದಿ ಅಲೆ ಬಡಿಯುವ ಮರಳದಾರಿಯ ಮೇಲೆ ನಡೆದೇ ಹೋಗಬಹುದು. 1958ರಲ್ಲಿ ಅಲ್ಲಿ ಬೆಳ್ಳಿಯ 28 ವಸ್ತುಗಳ ನಿಧಿ ಸಿಕ್ಕಿತು. ಹೆಣಿಗೆಯಲ್ಲಿ ಆಸಕ್ತಿ ಇರುವವರಿಗೆ ಮಾತ್ರ ಬೇರೆ ಯೋಚನೆಯೇ ಬೇಡ, ಅವರು ಶೆಟ್ಲೆಂಡಿಗೇ ಹೋಗಬೇಕು: ಫೇರ್ ಐಲ್ ವಿನ್ಯಾಸದ ಸ್ವೆಟರ್, ಉಂಗುರದೊಳಗೆ ತೂರಿಸಬಹುದಾದಷ್ಟು ನವುರಾದ ಅನ್ಸ್ಟ್ ಶಾಲು, ಸೆಪ್ಟೆಂಬರ್ ಕೊನೆಗೆ ಆರಂಭವಾಗುವ ಉಣ್ಣೆ ಸಪ್ತಾಹ ಎಲ್ಲವೂ ಅಲ್ಲಿನವು.

ಯಾವಾಗ ಹೋಗಬೇಕು ಎಂಬುದರಲ್ಲಿ ಬೆಳಕಿನ ಪಾತ್ರ ದೊಡ್ಡದು. ಲರ್ವಿಕ್ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಗೆ ಅಲ್ಲಿ ಹಗಲು ಸುಮಾರು 19 ಗಂಟೆ. ಉಳಿದ ಹೊತ್ತೂ ಪೂರ್ತಿ ಕತ್ತಲಾಗದೆ ಮಬ್ಬು ಬೆಳಕು ಉಳಿಯುತ್ತದೆ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇಲ್ಲ. ಆರ್ಕ್ನಿಯಲ್ಲಿ ಇದು ತುಸು ಸೌಮ್ಯ. ಕರ್ನಾಟಕದ ಶಾಲಾ ರಜೆಗೆ ಹೊಂದಿಸಿ ಹೊರಡುವ ಕುಟುಂಬಗಳಿಗೆ ಮೇ ತಿಂಗಳು ಅನುಕೂಲ: ಮಳೆ ಕಡಿಮೆ, ಹಗಲು ಉದ್ದ, ಪಫಿನ್‌ಗಳು ಬಂದಿರುತ್ತವೆ, ಜುಲೈನ ಜನಸಂದಣಿ ಇನ್ನೂ ಇಲ್ಲ. ದಸರಾ ರಜೆಗಾದರೆ ಆರ್ಕ್ನಿಯೇ ಸರಿ. ಹಕ್ಕಿಗಳು ಹೊರಟುಹೋಗಿರುತ್ತವೆ, ಕಲ್ಲುಗಳು ಇದ್ದಲ್ಲೇ ಇರುತ್ತವೆ. ಚಳಿಗಾಲದಲ್ಲಿ ಹೋಗಲು ಶೆಟ್ಲೆಂಡಿಗೆ ಒಂದು ಗಟ್ಟಿ ಕಾರಣವಿದೆ: ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ನಡೆಯುವ 'ಅಪ್ ಹೆಲ್ಲಿ ಆ' ಹಬ್ಬ. ಸುಮಾರು ಸಾವಿರ ಜನ ಪಂಜು ಹಿಡಿದು ಮೆರವಣಿಗೆಯಲ್ಲಿ ಸಾಗಿ ವೈಕಿಂಗ್ ಮಾದರಿಯ ಮರದ ಹಡಗಿಗೆ ಬೆಂಕಿ ಇಡುತ್ತಾರೆ. ಉತ್ತರ ಧ್ರುವಪ್ರಭೆ ಎರಡೂ ಕಡೆ ಚಳಿಗಾಲದಲ್ಲಿ ಕಾಣಿಸಬಹುದು. ಆದರೆ ಮೋಡ ಹೆಚ್ಚಿರುವ ಊರುಗಳಾದ್ದರಿಂದ ಅದೊಂದನ್ನೇ ನಂಬಿ ಇಷ್ಟು ದೂರ ಹೋಗುವುದು ಸಲ್ಲದು.

ತಲುಪುವ ದಾರಿಯಲ್ಲಿ ಆರ್ಕ್ನಿಗೆ ಅನುಕೂಲ ಹೆಚ್ಚು. ಭಾರತೀಯರಿಗೆ ಬ್ರಿಟನ್ನಿನ ಪ್ರವಾಸಿ ವೀಸಾ ಸಾಕು, ದ್ವೀಪಗಳಿಗೆ ಪ್ರತ್ಯೇಕ ಅನುಮತಿ ಬೇಡ. ಷೆಂಗೆನ್ ವೀಸಾ ನಡೆಯುವುದಿಲ್ಲ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನವಿದೆ. ಅಲ್ಲಿಂದ ಎಡಿನ್‌ಬರೊ, ಗ್ಲ್ಯಾಸ್ಗೊ, ಆಬರ್ಡೀನ್ ಅಥವಾ ಇನ್ವರ್ನೆಸ್ ತಲುಪಿ, ಲೋಗನ್ಏರ್ ಸಂಸ್ಥೆಯ ಸಣ್ಣ ವಿಮಾನದಲ್ಲಿ ಕಿರ್ಕ್‌ವಾಲ್‌ಗೋ ಸಂಬರಾಗೋ ಹೋಗಬಹುದು. ದ್ವೀಪದ ನಿವಾಸಿಗಳಿಗೆ ರಿಯಾಯಿತಿ ಇದೆ, ಪ್ರವಾಸಿಗರು ಪೂರ್ತಿ ದರ ಕೊಡಬೇಕು. ಹಡಗಿನಲ್ಲಾದರೆ ಸ್ಕಾಟ್ಲೆಂಡಿನ ಉತ್ತರ ದಂಡೆಯ ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿಯ ಸ್ಟ್ರಾಮ್‌ನೆಸ್‌ಗೆ ಒಂದೂವರೆ ಗಂಟೆ. ದಾರಿಯಲ್ಲೇ ಓಲ್ಡ್ ಮ್ಯಾನ್ ಕಾಣುತ್ತದೆ. ಅದೇ ದಂಡೆಯ ಗಿಲ್ಸ್ ಬೇಯಿಂದ ಇನ್ನೊಂದು ಹಡಗು ಸುಮಾರು ಒಂದು ಗಂಟೆಯಲ್ಲಿ ದಾಟಿಸುತ್ತದೆ. ಶೆಟ್ಲೆಂಡಿನ ಹಡಗು ಆಬರ್ಡೀನ್‌ನಿಂದ ಸಂಜೆ ಹೊರಟು ಬೆಳಗ್ಗೆ ಲರ್ವಿಕ್ ತಲುಪುತ್ತದೆ; ಹನ್ನೆರಡರಿಂದ ಹದಿನಾಲ್ಕು ಗಂಟೆ. ಕ್ಯಾಬಿನ್ ಸಿಕ್ಕರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ಆದರೆ ಬೇಸಿಗೆಯಲ್ಲಿ ಅವು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತವೆ. ಸಮುದ್ರ ಒರಟಾಗಿದ್ದ ರಾತ್ರಿ ಹೊಟ್ಟೆ ತೊಳಸುವವರಿಗೆ ಈ ಪ್ರಯಾಣ ನಿಜಕ್ಕೂ ಕಷ್ಟ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಯಲ್ಲಿದ್ದರೆ ಈ ಒಂದೇ ಕಾರಣಕ್ಕೆ ಆರ್ಕ್ನಿಯನ್ನು ಆರಿಸಿದರೂ ತಪ್ಪಿಲ್ಲ.

ಒಳಗಿನ ಓಡಾಟಕ್ಕೆ ಎರಡೂ ಕಡೆ ಬಾಡಿಗೆ ಕಾರು ಉತ್ತಮ. ಅಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು. ಭಾರತದ ಚಾಲನಾ ಪರವಾನಗಿ ಒಂದು ವರ್ಷದವರೆಗೆ ಸಲ್ಲುತ್ತದೆ. ಒಂದೇ ವಾಹನಕ್ಕೆ ಸಾಲುವ ರಸ್ತೆಗಳಲ್ಲಿ ಅಲ್ಲಲ್ಲಿ ಅಗಲ ಮಾಡಿದ ಜಾಗಗಳಿರುತ್ತವೆ. ಎದುರು ವಾಹನ ಕಂಡರೆ ಅಲ್ಲಿ ನಿಂತು ದಾರಿ ಬಿಡಬೇಕು, ಆ ಜಾಗದಲ್ಲಿ ವಾಹನ ನಿಲ್ಲಿಸಿ ಫೋಟೊ ತೆಗೆಯಬಾರದು. ಕಾರಿಲ್ಲದವರು ಆರ್ಕ್ನಿಯಲ್ಲಿ ಬಸ್ಸು, ಸ್ಥಳೀಯ ಪ್ರವಾಸಗಳನ್ನು ನಂಬಿ ಮೂರು ದಿನ ಚೆನ್ನಾಗಿ ಕಳೆಯಬಹುದು. ಶೆಟ್ಲೆಂಡಿನಲ್ಲಿ ಅದು ಕಷ್ಟ. ಸಂಬರಾದಿಂದ ಹರ್ಮನೆಸ್‌ಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ನಡುವೆ ಎರಡು ಫೆರಿ. ಕಿರ್ಕ್‌ವಾಲ್ ಮತ್ತು ಲರ್ವಿಕ್ ಎರಡೂ ಬಂದರುಗಳಿಗೆ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಅವು ಬರುವ ದಿನಗಳ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಅದನ್ನು ನೋಡಿಕೊಂಡು, ಅಂಥ ದಿನ ಸ್ಕಾರಾ ಬ್ರೇಗೆ ಹೋಗದಿರುವುದು ಜಾಣತನ. ಆರ್ಕ್ನಿಯ ಬರ್ಸೆ ಬಳಿಯ ಪುಟ್ಟ ದ್ವೀಪಕ್ಕೆ ಕಡಲು ಇಳಿದಾಗ ಮಾತ್ರ ನಡೆದು ಹೋಗಲು ದಾರಿಯಿರುತ್ತದೆ. ಉಬ್ಬರ–ಇಳಿತದ ವೇಳಾಪಟ್ಟಿ ನೋಡದೆ ಕಾಲಿಡಬಾರದು.

ಹವೆ ಎರಡೂ ಕಡೆ ಒಂದೇ ದಿನದಲ್ಲಿ ನಾಲ್ಕು ಬಾರಿ ಬದಲಾಗುತ್ತದೆ. ಜುಲೈನಲ್ಲೂ ಹಗಲಿನ ತಾಪಮಾನ 14–16 ಡಿಗ್ರಿ ದಾಟುವುದು ಕಡಿಮೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೊಪ್ಪಿಗೆಯಿರುವ ಮಳೆ ಅಂಗಿ, ನೀರು ಹಿಡಿಯದ ಬೂಟು ಬೇಕು. ಬೇಸಿಗೆಯಲ್ಲಿ ಮಂಜು ಮುಸುಕಿ ಸಂಬರಾದ ವಿಮಾನಗಳು, ಚಳಿಗಾಲದಲ್ಲಿ ಬಿರುಗಾಳಿಗೆ ಹಡಗುಗಳು ರದ್ದಾಗುವುದು ಅಲ್ಲಿ ಮಾಮೂಲು. ಆದ್ದರಿಂದ ದ್ವೀಪದಿಂದ ಮರಳಿದ ದಿನವೇ ಲಂಡನ್‌ನಿಂದ ಬೆಂಗಳೂರಿನ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಬಾರದು. ನಡುವೆ ಕನಿಷ್ಠ ಒಂದು ಪೂರ್ಣ ದಿನ ಇರಲಿ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದೇ ಒಳ್ಳೆಯದು. ಕಿರ್ಕ್‌ವಾಲ್, ಲರ್ವಿಕ್ ಎರಡರಲ್ಲೂ ದೊಡ್ಡ ಸೂಪರ್‌ಮಾರ್ಕೆಟ್‌ಗಳಿವೆ. ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತವೆ. ಆರ್ಕ್ನಿಯ ಹಳೆಯ ತಳಿಯ ಬೇರ್ ಬಾರ್ಲಿ ಹಿಟ್ಟಿನ ರೊಟ್ಟಿಯನ್ನು ಅಲ್ಲಿನ ಚೀಸಿನೊಡನೆ ತಿಂದು ನೋಡಬೇಕು. ಪಟ್ಟಣ ಬಿಟ್ಟು ಹೊರ ದ್ವೀಪಗಳಿಗೆ ಹೊರಟಾಗ ಬುತ್ತಿ ಕಟ್ಟಿಕೊಳ್ಳುವುದು ಕಡ್ಡಾಯ.

ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಲು ಸಾಧ್ಯವೇ? ಆಬರ್ಡೀನ್–ಲರ್ವಿಕ್ ಹಡಗು ವಾರದ ಕೆಲವು ದಿನ ಕಿರ್ಕ್‌ವಾಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ನಡುರಾತ್ರಿಯ ಹೊತ್ತಿಗೆ ಹೊರಟು ಬೆಳಗ್ಗೆ ಲರ್ವಿಕ್ ಮುಟ್ಟುತ್ತದೆ. ಹತ್ತು–ಹನ್ನೆರಡು ದಿನ ಕೈಯಲ್ಲಿದ್ದರೆ ಆರ್ಕ್ನಿಗೆ ನಾಲ್ಕು, ಶೆಟ್ಲೆಂಡಿಗೆ ಆರು ದಿನ ಇಟ್ಟು ಹೀಗೆ ಮಾಡಬಹುದು. ಒಂದೇ ವಾರವಿದ್ದರೆ ಬೇಡ. ಎರಡು ಕಡೆಯ ಹಡಗು, ಕಾರು, ವಸತಿಗಳ ಬದಲಾವಣೆಯಲ್ಲೇ ಎರಡು ದಿನ ಕಳೆದುಹೋಗುತ್ತದೆ, ಉಳಿದ ದಿನಗಳಲ್ಲಿ ಒಂದು ಸಂಜೆ ಮಳೆ ಹಿಡಿದರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಮೂರರಿಂದ ಐದು ದಿನ ಇರುವವರು, ಮಕ್ಕಳು ಮತ್ತು ಹಿರಿಯರನ್ನು ಕರೆದೊಯ್ಯುವವರು, ಇತಿಹಾಸದಲ್ಲಿ ಆಸಕ್ತಿ ಇರುವವರು, ಬ್ರಿಟನ್ನಿನ ಈ ಮೂಲೆಗೆ ಮೊದಲ ಬಾರಿ ಬರುವವರು ಆರ್ಕ್ನಿಗೆ ಹೋಗಲಿ. ಕನಿಷ್ಠ ಒಂದು ವಾರ ಬಿಡುವು ಮಾಡಿಕೊಂಡವರು, ದಿನಕ್ಕೆ ಎಂಟು–ಹತ್ತು ಕಿಲೋಮೀಟರ್ ಗಾಳಿಯಲ್ಲಿ ನಡೆಯಬಲ್ಲವರು, ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂರುವ ತಾಳ್ಮೆಯುಳ್ಳವರು ಶೆಟ್ಲೆಂಡನ್ನೇ ಆರಿಸಿಕೊಳ್ಳಲಿ. ಯಾವುದನ್ನು ಆರಿಸಿದರೂ ಮೇ–ಜುಲೈ ಪ್ರವಾಸಕ್ಕೆ ಹಡಗು, ಕಾರು ಮತ್ತು ವಸತಿಯನ್ನು ಹಿಂದಿನ ಡಿಸೆಂಬರ್–ಜನವರಿಯೊಳಗೆ ಕಾಯ್ದಿರಿಸಬೇಕು. ಮೂರರಲ್ಲಿ ಮೊದಲು ಹಡಗು ಅಥವಾ ವಿಮಾನ, ಆಮೇಲೆ ಉಳಿದೆರಡು.